ಅಂಗಡಿಯ ಮುಂದಿನ ಸ್ಟೂಲು

ಹೋದ ತಿಂಗಳ ಒಂದು ಸಂಜೆ. ಶಾಲೆ ಮುಗಿಸಿಕೊಂಡು ಮನೆಗೆ ಹೋಗುವ ದಾರಿಯಲ್ಲಿ ನಮ್ಮ ಶ್ರೀರಂಗಪಟ್ಟಣದ ಒಂದು ದೊಡ್ಡ ಅಂಗಡಿಗೆ ಹೊಕ್ಕಿದ್ದೆ. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಎಲ್ಲಿಂದಲೋ ಕೇಳಿಬರುವ ಮೆಲುದನಿಯ ಸಂಗೀತ, ಬೇಕಾದ್ದನ್ನು ನಾವೇ ಎತ್ತಿ ಬುಟ್ಟಿಗೆ ಹಾಕಿಕೊಳ್ಳುವ ಏರ್ಪಾಡು. ಇಂಥ ಅಂಗಡಿಗಳು ಈಗ ಸಣ್ಣ ಊರುಗಳಿಗೂ ಬಂದಿರುವುದರಿಂದ ನಿಮಗೆ ಹೆಚ್ಚು ವರ್ಣಿಸಬೇಕಾಗಿಲ್ಲ. ಬಿಲ್ಲು ಹಾಕಿಸುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಒಂದು ಕೇಜಿ ಸಕ್ಕರೆ, ಅರ್ಧ ಕೇಜಿ ತೊಗರಿಬೇಳೆ, ಒಂದು ಸೋಪು, ಒಂದು ಬಿಸ್ಕತ್ತಿನ ಪೊಟ್ಟಣ. ಹುಡುಗಿ ಮೊತ್ತ ಹೇಳಿದಳು. ಅಜ್ಜಿ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಮಡಿಸಿಟ್ಟ ನೋಟುಗಳನ್ನೂ ಚಿಲ್ಲರೆಯನ್ನೂ ಎರಡು ಸಲ ಎಣಿಸಿದರು. 14 ರೂಪಾಯಿ ಕಡಿಮೆ ಬಿತ್ತು.

“ಏನಾದ್ರೂ ಒಂದು ತೆಗೀಲಾ ಅಜ್ಜಿ?” ಎಂದಳು ಹುಡುಗಿ. ಅಜ್ಜಿ ಸಾಮಾನುಗಳನ್ನು ಒಂದೊಂದಾಗಿ ನೋಡಿ ಬಿಸ್ಕತ್ತನ್ನು ಪಕ್ಕಕ್ಕೆ ಸರಿಸಿದರು. “ಮಗೀಗೆ ಅಂತ ತಕಂಡಿದ್ದೆ. ಬುಡವ್ವ” ಎಂದು ಉಳಿದದ್ದನ್ನು ಚೀಲಕ್ಕೆ ತುಂಬಿಕೊಂಡು ಹೊರಟರು.

ನನ್ನ ಕೈಚೀಲದಲ್ಲಿ ದುಡ್ಡಿತ್ತು. ನನ್ನ ಹಿಂದೆ ನಿಂತಿದ್ದ ಐದಾರು ಜನರ ಹತ್ತಿರವೂ ಇದ್ದೀತು. ನಾವ್ಯಾರೂ ಕಟುಕರಲ್ಲ. ಆದರೂ ಎಲ್ಲರೂ ತಮ್ಮ ತಮ್ಮ ಬುಟ್ಟಿಯನ್ನೇ ನೋಡುತ್ತ ನಿಂತಿದ್ದೆವು. ಕೊಡಬಹುದಿತ್ತಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ಅಜ್ಜಿ ಗಾಜಿನ ಬಾಗಿಲು ದಾಟಿಯಾಗಿತ್ತು.

ರಾತ್ರಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಯೋಚನೆ. ಮೂವತ್ತು ವರ್ಷದ ಹಿಂದೆ ಇನ್ನೊಂದು ಅಂಗಡಿಯಲ್ಲಿ ಇಂಥದೇ ಸಂದರ್ಭದಲ್ಲಿ “ಅದನ್ನು ನನ್ನ ಲೆಕ್ಕಕ್ಕೆ ಬರ್ಕೊಳ್ಳಿ” ಎಂದು ಎಷ್ಟೋ ಸಲ ಹೇಳಿದವಳು ನಾನೇ. ಆಗ ನನ್ನ ಸಂಬಳ ಈಗಿನದರ ಮುಂದೆ ಏನೂ ಅಲ್ಲ. ಹಾಗಾದರೆ ಆಗ ಇದ್ದ ಒಳ್ಳೆಯತನ ನನ್ನದಾಗಿತ್ತೇ, ಇಲ್ಲ ಆ ಅಂಗಡಿಯದಾಗಿತ್ತೇ?

ಆ ಅಂಗಡಿಯ ವಿಷಯ ಹೇಳಬೇಕು. 1994ರಲ್ಲಿ ಬಿ.ಇಡಿ. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ. ಅನುದಾನ ಇನ್ನೂ ಬಾರದಿದ್ದ ಶಾಲೆ. ಸಂಬಳ ಮೂರು ತಿಂಗಳಿಗೊಮ್ಮೆ ಬಂದರೆ ನಮ್ಮ ಪುಣ್ಯ. ಬಸ್ಸು ನಿಲ್ಲುವ ಕಡೆ ಒಂದು ದಿನಸಿ ಅಂಗಡಿ. ಅದರ ಯಜಮಾನರನ್ನು ಊರೆಲ್ಲ ‘ಅಂಗಡಿ ಅಜ್ಜ’ ಎಂದೇ ಕರೆಯುತ್ತಿತ್ತು. ಮೂರು ಮೆಟ್ಟಿಲು, ಮೇಲೊಂದು ಜಗಲಿ, ಜಗಲಿಯ ಮೇಲೆ ಒಂದು ಮರದ ಸ್ಟೂಲು. ಒಳಗೆ ಗೋಣಿಚೀಲಗಳ ಸಾಲು, ತೂಗುಹಾಕಿದ ತಕ್ಕಡಿ, ಪೊಟ್ಟಣ ಕಟ್ಟುವ ನೂಲಿನ ಉಂಡೆ. ಬೆಲ್ಲ, ಒಣಮೆಣಸಿನಕಾಯಿ, ಸೀಮೆಎಣ್ಣೆ, ಅಗರಬತ್ತಿ ಎಲ್ಲ ಬೆರೆತ ಒಂದು ವಾಸನೆ. ಅದನ್ನು ಸುವಾಸನೆ ಎನ್ನಲಾರೆ. ಆದರೆ ಇವತ್ತು ಎಲ್ಲಾದರೂ ಆ ವಾಸನೆ ಬಂದರೆ ನನ್ನ ಇಪ್ಪತ್ತೈದನೆಯ ವಯಸ್ಸು ಎದ್ದು ಬರುತ್ತದೆ.

ಬೆಳಗ್ಗೆ ಹೋದರೆ ಅಜ್ಜ, “ಬನ್ನಿ ಮೇಡಮ್ಮೋರೆ, ಕೂತ್ಕಳಿ” ಎಂದು ಸ್ಟೂಲನ್ನು ಟವೆಲಿನಿಂದ ಒರೆಸುತ್ತಿದ್ದರು. ‘ಇಂದು ನಗದು ನಾಳೆ ಸಾಲ’ ಎಂಬ ಬೋರ್ಡು ತಲೆಯ ಮೇಲೆಯೇ ಇದ್ದರೂ ನನ್ನ ಹೆಸರಿನ ಪುಟ ಅವರ ಕೆಂಪು ಬಟ್ಟೆಯ ಪುಸ್ತಕದಲ್ಲಿ ತುಂಬುತ್ತಲೇ ಇತ್ತು. ಒಂದು ದಿನವೂ ಅವರು ಬಾಕಿ ಕೇಳಲಿಲ್ಲ. ಸಂಬಳ ಬಂದ ಸುದ್ದಿ ನನಗಿಂತ ಮೊದಲೇ ಅವರಿಗೆ ತಿಳಿದಿರುತ್ತಿತ್ತು, ಅದು ಬೇರೆ ಮಾತು. ಊರಿಗೆ ಹೋಗುವಾಗ ನಮ್ಮ ಕೋಣೆಯ ಬೀಗದ ಕೈ ಅವರ ಗಲ್ಲಾದಲ್ಲಿ. ಯಾರದೋ ಕಾಗದ ಓದಿಹೇಳುವುದು, ಬಸ್ಸು ಹೋಯಿತೋ ಇಲ್ಲವೋ ತಿಳಿಯುವುದು, ಹೆರಿಗೆಗೆ ಗಾಡಿ ಗೊತ್ತುಮಾಡುವುದು, ಎಲ್ಲ ಅಲ್ಲೇ. ಉಪ್ಪಿನ ಮೂಟೆ ರಾತ್ರಿಯೂ ಹೊರಗೇ ಇರುತ್ತಿತ್ತು. ಒಮ್ಮೆ ಅಜ್ಜ ವಿಷಮಶೀತ ಜ್ವರದಿಂದ ಮಲಗಿದಾಗ ಮನೆಯವರು ಬಾಗಿಲು ಮಾತ್ರ ತೆಗೆದಿಟ್ಟರು. ನಾವು ಗಿರಾಕಿಗಳೇ ತೂಗಿಕೊಂಡು ದುಡ್ಡನ್ನು ಗಲ್ಲಾಕ್ಕೆ ಹಾಕಿ ಬರುತ್ತಿದ್ದೆವು. ಪೇಟೆಯಲ್ಲಿ ಸಕ್ಕರೆ ಎಂಟಾಣೆ ಅಗ್ಗಕ್ಕೆ ಸಿಕ್ಕಿದರೂ ನಾನು ಅಲ್ಲಿ ಕೊಳ್ಳಲಿಲ್ಲ. ಕೊಂಡಿದ್ದರೆ ತಪ್ಪು ಮಾಡಿದೆ ಎನಿಸುತ್ತಿತ್ತು. ಉಪ್ಪಿನ ಋಣ ಎನ್ನುತ್ತೇವಲ್ಲ, ನನ್ನ ಮಟ್ಟಿಗೆ ಅದು ಗಾದೆಯ ಮಾತಾಗಿರಲಿಲ್ಲ.

ಈ ಋಣವನ್ನೇ ಈಗ ಬೇರೆ ಹೆಸರಿನಿಂದ ಓದುತ್ತಾರಂತೆ. ಮೈಸೂರಿನಲ್ಲಿ ಎಂ.ಬಿ.ಎ. ಮಾಡಿದ ನನ್ನ ಮಗಳಿಗೆ ಅಜ್ಜಿಯ 14 ರೂಪಾಯಿಯ ಸಂಗತಿ ಹೇಳಿದೆ. “ಅಮ್ಮಾ, ಅದು ನಿನ್ನ ತಪ್ಪಲ್ಲ, ಅಂಗಡಿಯ ವಾತಾವರಣದ್ದು” ಎಂದು ತನ್ನ ಹಳೆಯ ಪುಸ್ತಕಗಳನ್ನು ತೆಗೆದು ಕೂತಳು. ಗಿರಾಕಿಗೆ ಬೇಕಾದ್ದನ್ನು ಅಂಗಡಿಯವನೇ ತೆಗೆದುಕೊಡುವ ಪದ್ಧತಿ ಬಿಟ್ಟು, ನಾವೇ ಎತ್ತಿಕೊಳ್ಳುವ ಪದ್ಧತಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ‘ಪಿಗ್ಲಿ ವಿಗ್ಲಿ’ ಎಂಬ ವಿಚಿತ್ರ ಹೆಸರಿನ ಅಂಗಡಿಯಲ್ಲಿ ತಂದನಂತೆ. 1973ರಲ್ಲಿ ಫಿಲಿಪ್ ಕೋಟ್ಲರ್ ಎಂಬ ಪ್ರಾಧ್ಯಾಪಕರು, ಅಂಗಡಿಯ ಬಣ್ಣ, ಬೆಳಕು, ಸದ್ದು, ವಾಸನೆಗಳೂ ಸರಕಿನಷ್ಟೇ ವ್ಯಾಪಾರ ಮಾಡುತ್ತವೆ ಎಂದು ಬರೆದರು. 1982ರಲ್ಲಿ ಮಿಲಿಮನ್ ಎಂಬುವರು ಒಂದು ದಿನಸಿ ಅಂಗಡಿಯಲ್ಲಿ ನಿಧಾನದ ಸಂಗೀತ ಹಾಕಿಸಿ ನೋಡಿದರು. ಜನ ನಿಧಾನವಾಗಿ ಅಡ್ಡಾಡಿದರು. ವೇಗದ ಸಂಗೀತವಿದ್ದ ದಿನಗಳಿಗಿಂತ ವ್ಯಾಪಾರ ಶೇಕಡಾ 38ರಷ್ಟು ಹೆಚ್ಚಾಯಿತು. ನಾನು ಆ ಮೆಲುದನಿಯ ಸಂಗೀತವನ್ನು ನನ್ನ ಸಂತೋಷಕ್ಕೆಂದು ಹಾಕಿದ್ದಾರೆ ಎಂದುಕೊಂಡಿದ್ದೆ!

ಕೊಳ್ಳುವ ವಿಷಯ ಹೋಗಲಿ. ಪಕ್ಕದವರಿಗೆ ನೆರವಾಗುವ ಗುಣವನ್ನೂ ಅವರು ಹೀಗೆಯೇ ಅಳೆದಿದ್ದಾರೆ. 1972ರಲ್ಲಿ ಆಲಿಸ್ ಐಸೆನ್ ಮತ್ತು ಲೆವಿನ್ ಎಂಬುವರು ದುಡ್ಡು ಹಾಕಿ ಮಾತಾಡುವ ಟೆಲಿಫೋನ್ ಗೂಡಿನಲ್ಲಿ ಒಂದು ನಾಣ್ಯ ಬಿಟ್ಟಿರುತ್ತಿದ್ದರು. ಹೊರಗೆ ಒಬ್ಬಾಕೆ ಕಾಗದಗಳನ್ನು ಕೆಳಗೆ ಬೀಳಿಸುತ್ತಿದ್ದಳು. ಪುಕ್ಕಟೆ ನಾಣ್ಯ ಸಿಕ್ಕಿದ 16 ಜನರಲ್ಲಿ 14 ಮಂದಿ ಬಗ್ಗಿ ಆಯ್ದುಕೊಟ್ಟರು. ಸಿಗದ 25 ಜನರಲ್ಲಿ ಒಬ್ಬರು ಮಾತ್ರ. ಆಮೇಲೆ ಬೇರೆಯವರು ಇದನ್ನೇ ಮಾಡಿನೋಡಿದಾಗ ಇಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. 1997ರಲ್ಲಿ ರಾಬರ್ಟ್ ಬ್ಯಾರನ್ ಅಂಗಡಿಸಾಲುಗಳಲ್ಲಿ ಇದೇ ಬಗೆಯ ಪರೀಕ್ಷೆ ಮಾಡಿ, ಕುಕ್ಕಿ ಬೇಯುವ, ಕಾಫಿ ಹುರಿಯುವ ಪರಿಮಳ ಇದ್ದಲ್ಲಿ ಜನ ಅಪರಿಚಿತರಿಗೆ ಚಿಲ್ಲರೆ ಕೊಡುವುದು, ಬಿದ್ದ ಪೆನ್ನು ಎತ್ತಿಕೊಡುವುದು ಹೆಚ್ಚು ಎಂದು ಕಂಡುಕೊಂಡರು. ಪರೋಪಕಾರ ಹೃದಯದಲ್ಲಿರುತ್ತದೆ ಎಂದುಕೊಂಡಿದ್ದೆವು, ಮೂಗಿನಲ್ಲಿದೆಯೋ ಏನೋ!

ನಗುತ್ತ ಕೇಳುತ್ತಿದ್ದ ನನ್ನನ್ನು ಗಂಭೀರ ಮಾಡಿದ್ದು ಇನ್ನೊಂದು. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು, ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ನರಳುತ್ತ ಬಿದ್ದಿದ್ದ. ಹೊತ್ತಾಗಿಲ್ಲ ಎಂದು ಹೇಳಿಸಿಕೊಂಡು ಹೋದವರಲ್ಲಿ ಶೇಕಡಾ 63 ಮಂದಿ ನಿಂತು ವಿಚಾರಿಸಿದರು. ತಡವಾಯಿತು, ಓಡು ಎನಿಸಿಕೊಂಡವರಲ್ಲಿ ಶೇಕಡಾ 10 ಮಂದಿ ಮಾತ್ರ. ಅವರಲ್ಲಿ ಕೆಲವರು ಮಾತಾಡಲು ಹೊರಟಿದ್ದ ವಿಷಯವೇ ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ದಯಾಳುವಿನ ಕಥೆ, ಬೈಬಲಿನದು. ಬಿಲ್ಲಿನ ಸಾಲು ಎಂದರೂ ಅಷ್ಟೇ ತಾನೆ? ಹಿಂದಿನವರು ತಳ್ಳುತ್ತಾರೆ, ಮುಂದಿನವರು ಬೇಗ ಹೋಗಲಿ ಎನ್ನಿಸುತ್ತದೆ.

ಮಗಳ ಮಾತಿನಲ್ಲಿ ನಿಜವಿದೆ ಎಂದು ನನ್ನ ಅನುಭವವೂ ಹೇಳುತ್ತದೆ. ಕೆ.ಆರ್. ಪೇಟೆಯಿಂದ ನಾನು ನಾಗಮಂಗಲಕ್ಕೆ ಹೋದೆ, ಅಲ್ಲಿಂದ ಪಾಂಡವಪುರಕ್ಕೆ. ನಾಗಮಂಗಲದಲ್ಲಿದ್ದಾಗ ವಾರದ ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ಒಂದು ರೂಪಾಯಿಗೆ ಐದು ನಿಮಿಷ ಚೌಕಾಸಿ ಮಾಡಿ, ಕೊನೆಗೆ “ಕೊಸರು ಹಾಕವ್ವ” ಎಂದು ಚೀಲ ಒಡ್ಡಿದರೆ ಆಕೆ ಒಂದು ಹಿಡಿ ಕೊತ್ತಂಬರಿಸೊಪ್ಪು ನಗುತ್ತ ಹಾಕುತ್ತಿದ್ದಳು. ಆ ಕೊಸರು ಯಾವ ಲೆಕ್ಕಕ್ಕೂ ಸೇರಿದ್ದಲ್ಲ. ಮುಂದಿನ ವಾರ ನನ್ನನ್ನು ಅವಳ ಗುಡ್ಡೆಯ ಮುಂದೆಯೇ ನಿಲ್ಲಿಸುತ್ತಿದ್ದದ್ದು ಮಾತ್ರ ಆ ಒಂದು ಹಿಡಿ ಸೊಪ್ಪೇ. ಮಳೆ ಬಂದಾಗ ಅವಳ ಮೂಟೆಯನ್ನು ಓಡಿಹೋಗಿ ಸೂರಿನಡಿಗೆ ಎಳೆದದ್ದೂ ಉಂಟು. ಪಾಂಡವಪುರದ ಸುತ್ತ ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯ ದಾರಿ ಹಿಡಿದು ಹೋಗಿದ್ದರೆ ನಿಮಗೂ ಗೊತ್ತಿರುತ್ತದೆ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಪರಿಮಳ ಅರ್ಧ ಮೈಲಿ ಬರುತ್ತದೆ. ಅಲ್ಲಿಗೆ ಹೋದವರನ್ನು ಯಾರು, ಏಕೆ ಬಂದಿರಿ ಎಂದು ಕೇಳುವುದಿಲ್ಲ. “ಕಬ್ಬಿನಾಲು ಕುಡೀರಿ” ಎಂದು ಚೊಂಬು ತುಂಬಿ ಕೊಡುತ್ತಾರೆ, ಬಿಸಿಬೆಲ್ಲ ಎಲೆಯ ಮೇಲಿಟ್ಟು ಕೊಡುತ್ತಾರೆ. ಬ್ಯಾರನ್ ಸಾಹೇಬರು ನಮ್ಮ ಮಂಡ್ಯ ಜಿಲ್ಲೆಗೆ ಬಂದಿದ್ದರೆ ಪರೀಕ್ಷೆಯ ಖರ್ಚು ಉಳಿಯುತ್ತಿತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ‘ಹಳೆಯ ಅಂಗಡಿ ಚೆನ್ನ, ಹೊಸ ಅಂಗಡಿ ಕೆಟ್ಟದ್ದು’ ಎಂದು ಹೇಳಿ ನಾನೂ ನೀವೂ ನಿಟ್ಟುಸಿರು ಬಿಡಬಹುದಿತ್ತು. ಹಾಗಾಗಲು ನನ್ನ ಒಬ್ಬ ವಿದ್ಯಾರ್ಥಿನಿ ಬಿಡಲಿಲ್ಲ.

ಕೆ.ಆರ್. ಪೇಟೆ ಕಡೆಯ ಆ ಶಾಲೆಯಲ್ಲಿ ನನ್ನ ತರಗತಿಯಲ್ಲಿದ್ದವಳು, ಈಗ ನರ್ಸು. ಅಜ್ಜಿಯ ಘಟನೆಯಾದ ಹದಿನೈದು ದಿನಕ್ಕೆ ಅದೇ ದೊಡ್ಡ ಅಂಗಡಿಯ ಬಾಗಿಲಲ್ಲಿ ಸಿಕ್ಕಿದಳು. ಇಬ್ಬರೂ ಒಳಗೆ ಸುತ್ತುತ್ತ ಮಾತಾಡಿದೆವು. ಆ ಸಂಗತಿ ಹೇಳಿ, “ನಮ್ಮ ಅಂಗಡಿ ಅಜ್ಜ ಇದ್ದಿದ್ದರೆ ಆ ಬಿಸ್ಕತ್ತನ್ನು ಹಾಗೆಯೇ ಕೊಡುತ್ತಿದ್ದರು ನೋಡು. ಹೋದ ಕೂಡಲೆ ಸ್ಟೂಲು ಒರೆಸಿ ಕೂರಿಸುತ್ತಿದ್ದರು” ಎಂದೆ. ಅವಳು ಎಣ್ಣೆಯ ಪ್ಯಾಕೆಟ್ಟಿನ ಮೇಲಿನ ಬೆಲೆ ನೋಡುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು:

“ಆ ಸ್ಟೂಲು ನಿಮಗೆ ಮಿಸ್. ನಮ್ಮವ್ವ ಯಾವತ್ತೂ ಆ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತ್ಕಂಡು ಸೆರಗು ಒಡ್ತಿದ್ಲು, ಅವರು ಮೇಲಿಂದ ಹುಯ್ಯೋರು. ದುಡ್ಡು ಹಲಗೆ ಮೇಲಿಡಬೇಕಿತ್ತು. ಇಲ್ಲಿ ಯಾರೂ ಏನೂ ಕೇಳಲ್ಲ. ನಾನೇ ಮುಟ್ಟಿ, ನಾನೇ ನೋಡಿ, ನಾನೇ ತಕತೀನಿ. ನನಗೆ ಇದೇ ಚೆಂದ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮನೆಗೆ ಬಂದು ನೆನಪು ಮಾಡಿಕೊಂಡೆ. ಹೌದು, ಕೆಳಗೆ ಹೆಂಗಸರು ನಿಂತಿರುತ್ತಿದ್ದರು. ನಾನು ಮೇಲೆ ಸ್ಟೂಲಿನಲ್ಲಿ ಅಂಗಡಿಯ ಒಳಕ್ಕೆ ಮುಖ ಮಾಡಿ ಕೂತಿರುತ್ತಿದ್ದೆ. ನನ್ನ ಬೆನ್ನು ಬೀದಿಗಿತ್ತು. ಕಂಡಿರಲಿಲ್ಲ ಎಂದು ಹೇಳಲಾರೆ. ಕಂಡದ್ದು ಮನಸ್ಸಿಗೆ ಇಳಿದಿರಲಿಲ್ಲ. ಅದೇ ವರ್ಷ ಅದೇ ಹುಡುಗಿಯ ತರಗತಿಯಲ್ಲಿ ನಾನು ಮೂಲಭೂತ ಹಕ್ಕುಗಳ ಪಾಠ ಮಾಡಿದ್ದೆ. ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಭಾಗವನ್ನು ತೆಗೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇಷ್ಟನ್ನೇ ಕಾರಣ ಮಾಡಿ ಯಾವ ಪ್ರಜೆಯನ್ನೂ ತಡೆಯಬಾರದ ಜಾಗಗಳ ಪಟ್ಟಿ ಅಲ್ಲಿದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಹೋಟೆಲು ಎಲ್ಲ ಉಂಟು. ಆ ಪಟ್ಟಿಯಲ್ಲಿ ಮೊಟ್ಟಮೊದಲು ಬರುವುದು ಅಂಗಡಿ. 1950ರ ಜನವರಿ 26ರಿಂದ ಜಾರಿಯಲ್ಲಿರುವ ಮಾತು. 1955ರಲ್ಲಿ ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರುವ ಕಾಯಿದೆಯೂ ಬಂತು. ಇಸವಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆ. ಸಂಜೆ ಹೋಗಿ ಸ್ಟೂಲಿನ ಮೇಲೆ ಕೂತಿದ್ದೆ.

ಅಂಗಡಿ ಅಜ್ಜ ಕೆಟ್ಟವರು ಎಂದುಬಿಟ್ಟರೆ ನನ್ನ ಪಾಲಿನದು ತೊಳೆದುಹೋಗುವುದಿಲ್ಲ. ಅವರ ದಯೆ ಸುಳ್ಳಲ್ಲ. ಮೂರು ತಿಂಗಳು ನನಗೆ ಅನ್ನ ಹಾಕಿದ ದಯೆ ಅದು. ಅದಕ್ಕೆ ಮೂರು ಮೆಟ್ಟಿಲುಗಳಿದ್ದವು ಎಂಬುದೂ ಸುಳ್ಳಲ್ಲ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವುದು ಕಷ್ಟ. ಆದರೆ ಹಾಗೆ ಇಟ್ಟುಕೊಂಡಾಗ ನನಗೊಂದು ಮಾತು ತಿಳಿದಂತಾಯಿತು. ಒಂದು ಜಾಗ ನಮ್ಮನ್ನು ಹಿತವಾಗಿ ಕಂಡರೆ ಅದರ ಮೇಲೆ ನಮಗೆ ನಿಷ್ಠೆ ಹುಟ್ಟುತ್ತದೆ. ಆ ನಿಷ್ಠೆಯೇ, ಅಲ್ಲಿ ಹಿತ ಕಾಣದವರನ್ನು ನಮ್ಮ ಕಣ್ಣಿನಿಂದ ಮರೆಮಾಡುತ್ತದೆ. ಗಂಡನ ಮನೆ, ತೌರುಮನೆ, ಕೆಲಸ ಮಾಡುವ ಕಚೇರಿ, ಹೋಗುವ ದೇವಸ್ಥಾನ, ಯಾವುದಕ್ಕೂ ಇದನ್ನು ಹಚ್ಚಿ ನೋಡಬಹುದು. ‘ನಮಗೇನೂ ತೊಂದರೆಯಾಗಿಲ್ಲಪ್ಪ, ಒಳ್ಳೆ ಜನ’ ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ನಮಗೆ ಆಗಿಲ್ಲ ಎಂಬುದಷ್ಟೇ ಅದರಲ್ಲಿರುವ ನಿಜ.

ಆ ವಿದ್ವಾಂಸರ ಪರೀಕ್ಷೆಗಳಲ್ಲಿ ಕೇಳದೆ ಉಳಿದ ಪ್ರಶ್ನೆಯೂ ಇದೇ ಎಂದು ನನಗನ್ನಿಸುತ್ತದೆ. ಪರಿಮಳ ಬಂದರೆ ಮನುಷ್ಯ ನೆರವಾಗುತ್ತಾನೆ, ಸರಿ. ಯಾರಿಗೆ ನೆರವಾಗುತ್ತಾನೆ? ಮೆಟ್ಟಿಲ ಮೇಲಿರುವವರಿಗೋ, ಕೆಳಗಿರುವವರಿಗೋ? ಪರಿಸರ ನಮ್ಮ ಮನಸ್ಸನ್ನು ಮೃದು ಮಾಡೀತು. ಆ ಮೃದುತನವನ್ನು ಯಾರ ಕಡೆಗೆ ತಿರುಗಿಸಬೇಕು ಎಂಬುದನ್ನು ಯಾವ ಸಂಗೀತವೂ ಹೇಳಿಕೊಡುವುದಿಲ್ಲ. ಆ ಭಾಗ ನಮ್ಮದು. ಮಗಳು ಹೇಳಿದಂತೆ ತಪ್ಪೆಲ್ಲ ವಾತಾವರಣದ್ದು ಎಂದು ಕೈತೊಳೆದುಕೊಂಡರೆ, ಒಳ್ಳೆಯ ಕೆಲಸದ ಕೀರ್ತಿಯನ್ನೂ ಅದಕ್ಕೇ ಬಿಟ್ಟುಕೊಡಬೇಕಾಗುತ್ತದೆ. ಅದಕ್ಕೆ ನಾವ್ಯಾರೂ ಒಪ್ಪುವುದಿಲ್ಲವಲ್ಲ!

ಹೊಸ ಅಂಗಡಿಯಲ್ಲಿ ಮೆಟ್ಟಿಲಿಲ್ಲ. ನನ್ನ ವಿದ್ಯಾರ್ಥಿನಿಯ ಪಾಲಿಗೆ ಅದು ಸಣ್ಣ ಮಾತಲ್ಲ, ನನಗೂ ಈಗ ಅಲ್ಲ. ಅಲ್ಲಿ ಜಾತಿ ಕೇಳುವುದಿಲ್ಲ, ದುಡ್ಡು ಕೇಳುತ್ತಾರೆ. 14 ರೂಪಾಯಿ ಕಡಿಮೆಯಾದ ಅಜ್ಜಿಗೆ ಅಲ್ಲಿ ಅವಮಾನವಿಲ್ಲ, ಆಸರೆಯೂ ಇಲ್ಲ. ಹೀಗೆ ಯೋಚಿಸುತ್ತ ಮುಂದಿನ ಸಲ ಸಾಲಿನಲ್ಲಿ ನಿಂತಾಗ, ಇಷ್ಟು ದಿನ ನೋಡದೆ ಇದ್ದದ್ದನ್ನು ನೋಡಿದೆ. ಬಿಲ್ಲು ಹಾಕುವ ಹುಡುಗಿ ನಿಂತೇ ಇದ್ದಳು. ಪಕ್ಕದ ಕೌಂಟರಿನವಳೂ ನಿಂತೇ ಇದ್ದಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ನಲವತ್ತು ನಿಮಿಷದ ಪಾಠ ನಿಂತು ಮಾಡಿ ಬಂದರೆ ನನಗೆ ಹಿಮ್ಮಡಿ ಸಿಡಿಯುತ್ತದೆ. “ಎಷ್ಟು ಹೊತ್ತಮ್ಮ ನಿನ್ನ ಕೆಲಸ?” ಎಂದೆ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಎಂದಳು. “ಕೂತ್ಕೊಳ್ಳೋಕೆ ಏನೂ ಇಲ್ಲವಾ?” ಎಂದದ್ದಕ್ಕೆ ಸುಮ್ಮನೆ ನಕ್ಕಳು.

ಮತ್ತೆ ಸ್ಟೂಲಿನ ಮಾತೇ ಬಂತು ನೋಡಿ. ಪಕ್ಕದ ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಇದೇ ಮಾತಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕೋಳಿಕ್ಕೋಡಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬ ಮಹಿಳೆ ಕಟ್ಟಿದ ‘ಪೆಣ್‌ಕೂಟ್ಟ್’ ಎಂಬ ಸಂಘ ಅದಕ್ಕೆ ಮುಂದಾಳು. ಶೌಚಕ್ಕೆ ಹೋಗಲು ಬಿಡುವು, ಕೂರಲು ಒಂದು ಆಸನ, ಇಷ್ಟೇ ಅವರು ಕೇಳಿದ್ದು. 2018ರಲ್ಲಿ ಕೇರಳ ಸರ್ಕಾರ ಅಂಗಡಿಗಳ ಕಾನೂನನ್ನು ತಿದ್ದಿ, ಕೆಲಸಗಾರರಿಗೆ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡೂ ಹಾಗೆಯೇ ಮಾಡಿತು. ಕೂರುವುದಕ್ಕೂ ಒಂದು ಕಾನೂನೇ ಎಂದು ನಗುವವರು ಹತ್ತು ಗಂಟೆ ನಿಂತು ನೋಡಲಿ.

ನಾನು ಅಂಗಡಿಯ ಮೇಲ್ವಿಚಾರಕನ ಹತ್ತಿರ ಹೋದೆ. ನನ್ನ ಮಗನ ವಯಸ್ಸಿನ ಹುಡುಗ. “ಈ ಮಕ್ಕಳಿಗೆ ಒಂದೊಂದು ಸ್ಟೂಲು ಹಾಕಿಸಿಕೊಡಪ್ಪ” ಎಂದೆ. “ಕ್ಯಾಮೆರಾ ಇದೆ ಮೇಡಂ, ಕೂತಿದ್ದು ಕಂಡ್ರೆ ಮೇಲಿನವರು ನನ್ನ ಕೇಳ್ತಾರೆ” ಎಂದ. ಕೊಟ್ಟವನು ಕೋಡಂಗಿ ಆಗುವ ಭಯ ಅವನಿಗೆ. ಸಲಹೆಯ ಪುಸ್ತಕ ಕೇಳಿ ತೆಗೆದುಕೊಂಡು, ನನ್ನ ಹೆಸರು, ಶಾಲೆಯ ಹೆಸರು ಹಾಕಿ ಬರೆದುಕೊಟ್ಟೆ. ಅದಾದ ಮೇಲೆ ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಕೇಳಿದ್ದೇನೆ. ಸ್ಟೂಲು ಇನ್ನೂ ಬಂದಿಲ್ಲ. ನಾನು ಆ ಅಂಗಡಿ ಬಿಟ್ಟು ಬೇರೆ ಅಂಗಡಿಗೆ ಹೋಗಬಹುದು. ಆದರೆ ಹೋದರೆ ಕೇಳುವವರು ಯಾರು? ಖಾಯಂ ಗಿರಾಕಿಯ ಮಾತಿಗೆ ಅಂಗಡಿಯವರು ಸ್ವಲ್ಪವಾದರೂ ಕಿವಿಗೊಡುತ್ತಾರೆ. ಅಂಗಡಿ ಅಜ್ಜನ ಬಳಿ ನನಗೆ ಆ ಸಲಿಗೆ ಇತ್ತು. “ಆ ತಾಯಿಯನ್ನೂ ಮೇಲೆ ಕರೀರಿ ಅಜ್ಜ” ಎಂದು ಒಂದು ಸಲ ಹೇಳಬಹುದಿತ್ತು. ಅವರು ಕೇಳುತ್ತಿದ್ದರೋ ಇಲ್ಲವೋ, ನಾನಂತೂ ಹೇಳಲಿಲ್ಲ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಆ ಬಾಕಿಯನ್ನು ಈಗ ಅಲ್ಲಿ ತೀರಿಸುವಂತಿಲ್ಲ.

ಬಿಸ್ಕತ್ತು ಬಿಟ್ಟುಹೋದ ಅಜ್ಜಿ ಮತ್ತೆ ಕಾಣಿಸಿಲ್ಲ. ಈಗ ಆ ಸಾಲಿನಲ್ಲಿ ನಿಲ್ಲುವಾಗ ಬುಟ್ಟಿಯನ್ನು ನೋಡುವುದು ಬಿಟ್ಟು ಮುಂದಿನವರ ಮುಖವನ್ನೂ ಹಿಂದಿನವರ ಮುಖವನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ಮೊನ್ನೆ ಬಿಲ್ಲಿನ ಹುಡುಗಿ ಸಾಮಾನು ಚೀಲಕ್ಕೆ ಹಾಕಿಕೊಡುತ್ತ ಮೆಲ್ಲಗೆ ಹೇಳಿದಳು, “ನೀವ್ಯಾಕೆ ಮಿಸ್ ಅಷ್ಟು ಕಷ್ಟ ತಕತೀರಿ? ನಮಗೆ ರೂಢಿಯಾಗ್ಬುಟ್ಟದೆ. ಬುಡಿ.”

ಆ ಅಜ್ಜಿಯೂ ಅದನ್ನೇ ಹೇಳಿದ್ದರು, ‘ಬುಡವ್ವ’ ಎಂದು. ನಿಮ್ಮ ಊರಿನ ಅಂಗಡಿಯಲ್ಲಿಯೂ ಯಾರಾದರೂ ಹೀಗೆ ಹೇಳುತ್ತಿರಬಹುದು. ಸ್ವಲ್ಪ ಕಿವಿಗೊಟ್ಟು ಕೇಳಿಸಿಕೊಳ್ಳಿ. ಬಿಡಿ ಎಂದರೆಂದು ಬಿಟ್ಟುಬಿಡಬೇಡಿ.